ಕೌದಿ ಹೊದ್ದ ಗಂಧರಾಜ

ಕೆನ್ಮೋರ್
ಭಾನುವಾರ, ೨೧ ಸೆಪ್ಟೆಂಬರ್ ೨೦೨೫

ಪ್ರೀತಿಯ ಸತ್ತಾರನಿಗೆ ಸಂಗನಬಸಪ್ಪನ ಸಲಾಮು, ಶರಣು, ಮತ್ತು ಇಪ್ಪತ್ತು ತಿಂಗಳಿಂದ ಹೇಳದೇ ಉಳಿದ ಅಷ್ಟೂ ಗುಡ್ ಮಾರ್ನಿಂಗುಗಳು.

ಕಿಂಗ್ ಕೌಂಟಿಯ ಸಮಸ್ತ ನಾಗರಿಕರಿಗೆ, ವಾಷಿಂಗ್ಟನ್ ಸರೋವರದ ಬಾತುಕೋಳಿಗಳಿಗೆ ಹಾಗೂ ನಾನೂರೈದನೇ ಹೆದ್ದಾರಿಯಲ್ಲಿ ಸಿಕ್ಕಿಬಿದ್ದಿರುವ ಸಕಲ ಜೀವಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಿನ್ನೆ ಶನಿವಾರ ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಮನೆಯ ದಕ್ಷಿಣ ಗೋಡೆಯ ಬುಡದಲ್ಲಿ ಒಂದು ಹೂವು ಅರಳಿದೆ. ಸಂಖ್ಯೆ ಒಂದು. ಬಣ್ಣ ಬಿಳಿ. ಅಗಲ ಎರಡೂಕಾಲು ಇಂಚು. ಕ್ಯಾಲಿಪರ್ ಹಿಡಿದು, ದಳಕ್ಕೆ ತಾಗಿಸದೆ ಅಳೆದಿದ್ದೇನೆ. ನೀನು ಕ್ವಾಲಿಟಿ ವಿಭಾಗದ ಮುಖ್ಯಸ್ಥ. ಅಳತೆಯಿಲ್ಲದ ಸಂತೋಷವನ್ನು ನೀನು ಒಪ್ಪುವುದಿಲ್ಲ ಎಂದು ನನಗೆ ಗೊತ್ತು.

ಈ ಮಹಾವಾರ್ತೆಯನ್ನು ಮೊದಲು ಪಕ್ಕದ ಮನೆಯವರಿಗೆ ಹೇಳಿದೆ. "ಓ, ನೈಸ್" ಎಂದು ಹುಲ್ಲು ಕತ್ತರಿಸಲು ಹೋದರು. ಮಗಳು ಕವನಾಳನ್ನು ಹಾಸಿಗೆಯಿಂದ ಎಬ್ಬಿಸಿ ತೋರಿಸಿದೆ. ಅವಳು ಹೂವನ್ನು ನೋಡಿ, ನನ್ನ ಮುಖ ನೋಡಿ, "ಅಪ್ಪಾ, ಆರ್ ಯೂ ಕ್ರೈಯಿಂಗ್?" ಎಂದಳು. ಇಬ್ಬನಿ ಎಂದೆ. ಈ ಸುದ್ದಿಯ ತೂಕ ತಿಳಿಯಬಲ್ಲ ಮನುಷ್ಯ ಇಡೀ ಅಮೆರಿಕದಲ್ಲಿ ಒಬ್ಬನೇ ಇದ್ದಾನೆ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನ ಫೋನಿನಲ್ಲಿ ನನ್ನ ನಂಬರಿಗೆ ಪ್ರವೇಶವಿಲ್ಲ. ಆದ್ದರಿಂದ ಕೆನ್ಮೋರಿನಿಂದ ನ್ಯೂಕ್ಯಾಸಲ್‌ಗೆ, ಅಂದರೆ ಇಪ್ಪತ್ತು ಮೈಲಿ ದೂರಕ್ಕೆ, ಅಂಚೆ ಚೀಟಿ ಹಚ್ಚಿ ಕಾಗದ ಬರೆಯುವ ಗತಿ ಬಂದಿದೆ.

ಆಫೀಸಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಗೆ ಹೇಳಲಿ? ಕೆಂಟ್‌ನ ಆ ಶೆಡ್ಡಿನಲ್ಲಿ ವಿಮಾನದ ಬಾಗಿಲ ಕೀಲುಗಳ, ಅಂದರೆ ಹಿಂಜುಗಳ ನಡುವೆ ನಾವಿಬ್ಬರೂ ದಿನಕ್ಕೆ ಎಂಟು ಗಂಟೆ ಇರುತ್ತೇವೆ. ನಾನು ನಕ್ಷೆ ಬರೆಯುತ್ತೇನೆ, ನೀನು ತಪ್ಪು ಹಿಡಿಯುತ್ತೀಯ. ಮೊದಲೆಲ್ಲ ತಪ್ಪಾದಾಗ ನನ್ನ ಮೇಜಿಗೇ ಬಂದು "ಏನೋ ಸಂಗಣ್ಣ, ಈ ಹಿಂಜ್ ಹಾಕಿದ್ರೆ ಪ್ಯಾಸೆಂಜರ್ ಎಲ್ಲಾ ಕಿಟಕೀಲಿ ಹತ್ಬೇಕು ನೋಡು" ಎನ್ನುತ್ತಿದ್ದೆ. ಈಗ ಇಮೇಲ್ ಬರುತ್ತದೆ. ಅದರ ಕೆಳಗೆ "ರಿಗಾರ್ಡ್ಸ್, ಸತ್ತಾರ್". ಹದಿನಾಲ್ಕು ವರ್ಷದ ಗೆಳೆತನದ ಮೇಲೆ ಆ ರಿಗಾರ್ಡ್ಸ್ ಎಂಬುದು ಎಷ್ಟು ತಣ್ಣಗೆ ಬಂದು ಕೂರುತ್ತದೆಂದು ನಿನಗೆ ತಿಳಿದಿರಲಿಕ್ಕಿಲ್ಲ. ಅಥವಾ ಚೆನ್ನಾಗಿಯೇ ತಿಳಿದಿರಬಹುದು.

ಈಗ ಒಂದು ವಿನಂತಿ. ಮುಂದಿನ ಸಾಲಿಗೆ ಹೋಗುವ ಮೊದಲು ಕುಳಿತುಕೋ. ಕಾಗದ ಹರಿಯುವ ಮನಸ್ಸಾದರೆ ಕೊನೆಯ ಪುಟ ಓದಿದ ಮೇಲೆ ಹರಿ.

ಅರಳಿದ್ದು ಗಂಧರಾಜ. ನಿಮ್ಮ ಅಮ್ಮಿಯ ಗಂಧರಾಜ. ಅದೇ ಜಾತಿಯ ಇನ್ನೊಂದಲ್ಲ, ಅದರ ತಂಗಿಯಲ್ಲ; ಅದೇ ಗಿಡ. ಯಾವುದನ್ನು ನಾನು ಕೊಂದೆನೋ, ಯಾವುದನ್ನು ನೀನು ಬೇರುಸಹಿತ ಕಿತ್ತು ಹಸಿರು ಕಸದ ಡಬ್ಬಿಗೆ ಹಾಕಿದೆಯೋ, ಅದೇ.

ನೀರು ಕುಡಿದೆಯಾ? ಇನ್ನು ಮೊದಲಿನಿಂದ ಹೇಳುತ್ತೇನೆ. ನಮ್ಮ ಕಂಪನಿಯಲ್ಲಿ ಒಂದು ಸ್ಕ್ರೂ ಅರ್ಧ ಸುತ್ತು ಹೆಚ್ಚು ತಿರುಗಿದರೂ ನೀನು ನಾಲ್ಕು ಪುಟದ ವರದಿ ಬರೆಸುತ್ತೀಯ: ಏನಾಯಿತು, ಯಾಕಾಯಿತು, ಯಾರು ಮಾಡಿದರು, ಮತ್ತೆ ಆಗದಂತೆ ಏನು ಮಾಡುತ್ತೀರಿ. ಇದನ್ನು ಆ ವರದಿ ಎಂದು ತಿಳಿ. ಸ್ವಲ್ಪ ತಡವಾಗಿದೆ, ಅಷ್ಟೇ.

ಅಮ್ಮೀ ಆ ಗಿಡ ತಂದ ದಿನ ನಾನೂ ಅಲ್ಲೇ ಇದ್ದೆ. ನರ್ಸರಿಯ ಹಿಂದಿನ ಮೂಲೆಯಲ್ಲಿ, ಯಾರೂ ಕೇಳದ ಗಿಡಗಳ ಸಾಲಿನಲ್ಲಿ, ಎಲೆಯೆಲ್ಲ ಹಳದಿಯಾಗಿ ಕೂತಿತ್ತು. ನೀನು ಚೀಟಿ ಓದಿ, "ಅಮ್ಮೀ, ಇದು ನಮ್ಮ ಝೋನ್‌ಗೆ ಬಾರ್ಡರ್‌ನಲ್ಲಿದೆ. ಒಂದು ಕೆಟ್ಟ ವಿಂಟರ್ ಬಂದ್ರೆ ಹೋಗ್ಬಿಡುತ್ತೆ" ಎಂದೆ. ಗೌಹರ್ ಅಮ್ಮೀ ಚೀಟಿಯ ಕಡೆ ಕಣ್ಣೂ ಹಾಯಿಸದೆ, "ಗಿಡಕ್ಕೆ ನಿಮ್ಮ ಝೋನ್ ಗೀನ್ ಎಲ್ಲಾ ಗೊತ್ತಿಲ್ಲ ಬೇಟಾ. ಅದಕ್ಕೆ ಗೋಡೆ ಗೊತ್ತು" ಎಂದರು. ಮೈಸೂರಿನ ಮಂಡಿ ಮೊಹಲ್ಲಾದ ಮನೆಯಲ್ಲಿ ನಲ್ಲಿಯ ಪಕ್ಕ ಗಂಧರಾಜ ಬೆಳೆಸಿದ ಹೆಂಗಸು. ಅವರಿಗೆ ನಾವು ಪಾಠ ಹೇಳಲು ಹೊರಟಿದ್ದೆವು. ತಂದು ನಿಮ್ಮ ದಕ್ಷಿಣದ ಗೋಡೆಗೆ ಒರಗಿಸಿದಂತೆ ನೆಟ್ಟರು. ಸೋಸಿದ ಚಹಾಪುಡಿಯನ್ನು ಒಣಗಿಸಿ ಬುಡಕ್ಕೆ ಹಾಕಿದರು. ಮೂರನೇ ವರ್ಷ ಹೂವಾಯಿತು.

ಆಮೇಲಿನ ಬೇಸಿಗೆಗಳು ನಿನಗೆ ನೆನಪಿವೆಯೇ? ನಾನು ಕೆಂಟ್‌ಗೆ ಹೋಗಲು ಬೆಳಿಗ್ಗೆ ಆರೂವರೆಗೆ ನಿನ್ನನ್ನು ಕರೆದೊಯ್ಯಲು ಬಂದರೆ ನೀನು ಒಂದು ದಿನವೂ ಆರೂವರೆಗೆ ಸಿದ್ಧನಾಗಿರುತ್ತಿರಲಿಲ್ಲ. ಇಡೀ ಕಾರ್ಖಾನೆಯ ಸಮಯಪಾಲನೆ ಅಳೆಯುವ ಮನುಷ್ಯ ಸಾಕ್ಸು ಹುಡುಕುತ್ತಿರುತ್ತಿದ್ದೆ! ಅಷ್ಟರಲ್ಲಿ ಅಮ್ಮೀ ಬಾಗಿಲಿಗೆ ಬಂದು ನನಗೊಂದು ಲೋಟ ಚಹಾ ಕೊಟ್ಟು, ಜಾಮ್ ಬಾಟಲಿಯ ಮುಚ್ಚಳದಲ್ಲಿ ನೀರು ತುಂಬಿಸಿ, ಅದರಲ್ಲೊಂದು ಗಂಧರಾಜ ತೇಲಿಸಿ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಡುತ್ತಿದ್ದರು. "ಸಂಗಪ್ಪಾ, ಬ್ರೇಕ್ ಮೆಲ್ಲಗೆ ಹಾಕು, ನೀರು ಚೆಲ್ಲುತ್ತೆ" ಎನ್ನುತ್ತಿದ್ದರು. ನನ್ನ ಹೆಂಡತಿ ಸ್ಮಿತಾ ಎಷ್ಟು ಬೈದರೂ ಸರಿಹೋಗದ ನನ್ನ ಡ್ರೈವಿಂಗ್, ಆ ಒಂದು ಮುಚ್ಚಳ ನೀರಿಗೆ ಸರಿಹೋಯಿತು.

ಅಮ್ಮೀ ತೀರಿಕೊಂಡದ್ದು ಇಪ್ಪತ್ತಮೂರರ ನವೆಂಬರಿನಲ್ಲಿ. ನಲವತ್ತನೆಯ ದಿನದ ಫಾತಿಹಾಗೆಂದು ನೀನು, ರುಮಾನಾ ಗಂಡಹೆಂಡತಿ ಇಬ್ಬರೂ ಮೈಸೂರಿಗೆ ಹೊರಟಿರಿ. ಹೊರಡುವ ಹಿಂದಿನ ದಿನ ನನ್ನನ್ನು ಕರೆದು ಗಿಡ ಒಪ್ಪಿಸಿದೆ. ಒಪ್ಪಿಸುವುದೆಂದರೆ ಸುಮ್ಮನೆ ಒಪ್ಪಿಸುವುದೇ? ಎರಡು ಪುಟ, ಹನ್ನೊಂದು ಹೆಜ್ಜೆಗಳ ಲಿಖಿತ ವಿಧಾನ, ಪ್ಲಾಸ್ಟಿಕ್ ಹೊದಿಕೆಯಲ್ಲಿ. ಹಿಮದ ಮುನ್ಸೂಚನೆ ಬಂದರೆ ಗ್ಯಾರೇಜಿನಲ್ಲಿರುವ ಹೊಸ ಬಿಳಿಯ ಚಳಿಬಟ್ಟೆಯ ಪ್ಯಾಕೆಟ್ ಒಡೆದು ಗಿಡಕ್ಕೆ ಹೊದಿಸಬೇಕು. ನಾಲ್ಕನೇ ಹೆಜ್ಜೆ: ಬಟ್ಟೆ ಸುತ್ತಲೂ ನೆಲ ಮುಟ್ಟಬೇಕು. ಏಳನೇ ಹೆಜ್ಜೆ, ದಪ್ಪಕ್ಷರದಲ್ಲಿ: ಬೇರೆ ಯಾವುದೇ ಹೊದಿಕೆ ಬಳಸಕೂಡದು. ನಾನು ನಕ್ಕೆ. ನೀನು ನಗಲಿಲ್ಲ. "ನಗ್ಬೇಡ ಸಂಗಣ್ಣ. ಅಮ್ಮೀದು ಅಂತ ಉಳಿದಿರೋದು ಇದೊಂದೇ" ಎಂದೆ. ಆ ಮಾತು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಹೇಳಿ ಈ ವರದಿಯಿಂದ ತಪ್ಪಿಸಿಕೊಳ್ಳುವುದಿಲ್ಲ.

ಜನವರಿ ಎರಡನೇ ವಾರ ಆ ಚಳಿ ಬಂತು. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ ಒಂಬತ್ತಾಗುವ ಚಳಿ ಎಂದು ಟಿವಿಯವರು ಹಬ್ಬದಂತೆ ಸಾರಿದರು. ನಾನು ನ್ಯೂಕ್ಯಾಸಲ್‌ಗೆ ಬಂದೆ, ಗ್ಯಾರೇಜ್ ತೆಗೆದೆ, ಪ್ಯಾಕೆಟ್ ಕೈಗೆತ್ತಿಕೊಂಡೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಪ್ಪತ್ತು ತಿಂಗಳಿಂದ ಈ ಜಾಗಕ್ಕೆ ಬಂದಾಗಲೆಲ್ಲ ನಿಂತಿದ್ದೇನೆ.

ಆ ಬಟ್ಟೆ ನನಗೆ ಹಿಡಿಸಲಿಲ್ಲ, ಸತ್ತಾರ್. ಪ್ಯಾಕೆಟ್ಟಿನ ಮೇಲಿಂದ ಒತ್ತಿ ನೋಡಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳು. ಆಚೆಯಿಂದ ನೋಡಿದರೆ ಈಚೆ ಕಾಣುವಂಥದ್ದು. ಹೆಪ್ಪುಗಟ್ಟುವ ಚಳಿಯಲ್ಲಿ ನಿಮ್ಮ ಅಮ್ಮಿಯ ಗಿಡಕ್ಕೆ ಇದನ್ನು ಹೊದಿಸಿ ನಾನು ಮನೆಗೆ ಹೋಗಿ ಬೆಚ್ಚಗೆ ಮಲಗುವುದೇ? ನಾನು ಗುಳೇದಗುಡ್ಡದವನು, ಚಳಿ ಎಂದರೆ ನಮಗೆ ಗೊತ್ತಿರುವ ಉತ್ತರ ಒಂದೇ. ಪ್ಯಾಕೆಟ್ಟನ್ನು ಇದ್ದಲ್ಲೇ ಇಟ್ಟು, ಮನೆಗೆ ವಾಪಸು ಬಂದು, ನಮ್ಮವ್ವ ಸೋಮವ್ವ ಹೊಲಿದ ಕೌದಿ ತಂದೆ. ನೀನು ಆ ಕೌದಿ ನೋಡಿದ್ದೀಯ. ಹಳೆಯ ಇಳಕಲ್ ಸೀರೆಗಳನ್ನು ಏಳು ಪದರ ಹಾಕಿ ಅವ್ವ ಎರಡು ಬೇಸಿಗೆ ಕೂತು ಹೊಲಿದದ್ದು. ನಾನು ಈ ದೇಶಕ್ಕೆ ಹೊರಟಾಗ, "ಅಲ್ಲಿ ಥಂಡಿ ಭಾಳ ಅಂತ. ಇದನ್ನ ಹೊದ್ಕೊಂಡ್ರ ಯಾವ ಥಂಡೀನೂ ಹತ್ರ ಬರಂಗಿಲ್ಲ" ಎಂದು ಸೂಟ್‌ಕೇಸಿನಲ್ಲಿ ಒತ್ತಿ ತುಂಬಿದ್ದಳು.

ಅದನ್ನು ಗಂಧರಾಜಕ್ಕೆ ಹೊದಿಸಿದೆ. ಬರೀ ಹೊದಿಸಲಿಲ್ಲ, ಕೂಸಿಗೆ ಕುಂಚಿಗೆ ಕಟ್ಟಿದಂತೆ ತಲೆಯಿಂದ ಸುತ್ತಿ, ಕೆಳಗೆ ಕಾಂಡದ ಹತ್ತಿರ ಗಾಳಿ ನುಗ್ಗದ ಹಾಗೆ ಹಗ್ಗ ಬಿಗಿದೆ. ಗಿಡದ ಮುಂದೆ ನಿಂತು, "ಚಿಂತಿ ಮಾಡಬ್ಯಾಡ್ರಿ ಅಮ್ಮೀ, ಇದು ನಮ್ಮವ್ವನ ಕೌದಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಆಗ ಸಣ್ಣಗೆ ಜಿನುಗು ಮಳೆ. ನಮ್ಮೂರಿನ ಜನವರಿಯಲ್ಲಿ ಮಳೆ ಇರುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ನನಗೆ ಹೊಳೆಯಲಿಲ್ಲ.

ಆಮೇಲೆ ನಡೆದದ್ದನ್ನು ಈಗ ವಿಜ್ಞಾನಿಯಂತೆ ವಿವರಿಸಬಲ್ಲೆ. ಕೌದಿ ಚಳಿಗೆ ಉತ್ತರ, ಒಳಗೊಂದು ಬಿಸಿ ಮೈ ಇದ್ದರೆ. ಗಿಡಕ್ಕೆ ಮೈಬಿಸಿ ಇಲ್ಲ. ಅದಕ್ಕೆ ಬಿಸಿ ಬರಬೇಕಾದದ್ದು ನೆಲದಿಂದ. ಅದಕ್ಕೇ ನಿನ್ನ ನಾಲ್ಕನೇ ಹೆಜ್ಜೆ. ನಾನು ನೆಲವನ್ನು ಹೊರಗಿಟ್ಟು ಹಗ್ಗ ಬಿಗಿದಿದ್ದೆ. ಏಳು ಪದರ ಸೀರೆ ಸಂಜೆಯೆಲ್ಲ ಮಳೆ ಕುಡಿದು ಎಮ್ಮೆಯ ತೂಕಕ್ಕೆ ಬಂತು. ಬೆಳಗಾಗುವಷ್ಟರಲ್ಲಿ ಎಮ್ಮೆ ಹೆಪ್ಪುಗಟ್ಟಿತು. ಮೂರನೇ ದಿನ ನಾನು ಬಂದಾಗ ಕೌದಿ ಮರದ ಬಾಗಿಲಿನಂತೆ ಸೆಟೆದು ನಿಂತಿತ್ತು. ಎಳೆದೆ. ಹಪ್ಪಳ ಮುರಿದ ಹಾಗೆ ಸದ್ದಾಯಿತು. ಕೊಂಬೆಗಳು ಕೌದಿಯ ಜೊತೆಯೇ ಬಂದವು. ಎಲೆಗಳು ಒಗ್ಗರಣೆಯಲ್ಲಿ ಸೀದ ಕರಿಬೇವಾಗಿದ್ದವು.

ನನ್ನ ಅವ್ವನ ಕೌದಿ ನಿನ್ನ ಅಮ್ಮಿಯ ಗಿಡವನ್ನು ಕೊಂದಿತ್ತು. ಇದನ್ನು ನಿನಗೆ ಹೇಳಲು ನಾಲಿಗೆ ಹೊರಳಲಿಲ್ಲ. ಕೌದಿಯನ್ನು ಕಾರಿನ ಡಿಕ್ಕಿಯಲ್ಲಿ ಮುಚ್ಚಿಟ್ಟೆ. ನೀನು ಬಂದ ದಿನ ಗಿಡದ ಮುಂದೆ ನಿನ್ನ ಪಕ್ಕ ನಿಂತು, ನಿನ್ನ ಬಟ್ಟೆಯನ್ನೇ ಹೊದಿಸಿದ್ದೆ, ಚಳಿ ಅದನ್ನೂ ಮೀರಿ ಬಂತು ಎಂದೆ. ನೀನು ನೇರವಾಗಿ ಗ್ಯಾರೇಜಿಗೆ ಹೋದೆ. ಪ್ಯಾಕೆಟ್ ಹಿಡಿದುಕೊಂಡು ಬಂದೆ.

"ಓಪನ್ನೇ ಆಗಿಲ್ವಲ್ಲೋ ಸಂಗಣ್ಣ" ಎಂದೆ. ಅಷ್ಟೇ. ಕೂಗಲೂ ಇಲ್ಲ.

ಸುಳ್ಳು ಸಿಕ್ಕಿಬಿದ್ದ ಮನುಷ್ಯ ಎಷ್ಟು ಜೋರಾಗಿ ಕೂಗಬಲ್ಲ ಎಂಬುದನ್ನು ನಾನು ಅವತ್ತು ತೋರಿಸಿದೆ. ಹದಿನಾಲ್ಕು ವರ್ಷದ ಗೆಳೆಯನ ಮೇಲೆ ಸಂಶಯ ಪಡುತ್ತೀಯಾ ಎಂದೆ. ಇದೇನು ಕಾರ್ಖಾನೆಯೇ ಎಂದೆ. ಕೊನೆಗೆ ಆ ಮಾತನ್ನೂ ಆಡಿದೆ: "ಒಂದು ಗಿಡದ ಸಲುವಾಗಿ ಇಷ್ಟ್ಯಾಕ ಮಾಡ್ತೀ? ಅಂಗಡ್ಯಾಗ ಇನ್ನೊಂದು ಸಿಗ್ತೈತಿ ತಗೋ."

ನೀನು ಪ್ಯಾಕೆಟ್ಟನ್ನು ಶೆಲ್ಫಿನ ಮೇಲಿಟ್ಟು ಒಳಗೆ ಹೋದೆ. ರುಮಾನಾ ಬಾಗಿಲಲ್ಲಿ ನಿಂತು ನನ್ನನ್ನು ಒಮ್ಮೆ ನೋಡಿ ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಆರೂವರೆಗೆ ಬಂದರೆ ನಿನ್ನ ಕಾರು ಆಗಲೇ ಹೊರಟುಹೋಗಿತ್ತು. ಜೀವನದಲ್ಲಿ ಮೊದಲ ಸಲ ನಿನಗೆ ಸಾಕ್ಸು ಸಮಯಕ್ಕೆ ಸಿಕ್ಕಿತ್ತು.

ಅಂದಿನಿಂದ ನಾವಿಬ್ಬರೂ ಒಂದೇ ರಸ್ತೆಯಲ್ಲಿ, ಒಂದೇ ಹೊತ್ತಿಗೆ, ಒಂದೇ ಕಾರ್ಖಾನೆಗೆ ಎರಡು ಕಾರುಗಳಲ್ಲಿ ಹೋಗುವ ಮೂರ್ಖರಾದೆವು. ಕಾರಿನಲ್ಲಿ ಇಬ್ಬರಿದ್ದರೆ ಮಾತ್ರ ಬಿಡುವ ಕಾರ್‌ಪೂಲ್ ಲೇನಿನ ಸುಖ ಇಬ್ಬರಿಗೂ ಹೋಯಿತು. ರೆಂಟನ್ ತಿರುವಿನಲ್ಲಿ ಒಂದು ದಿನ ಟ್ರಾಫಿಕ್ ನಿಂತಾಗ ನೀನು ನನ್ನ ಪಕ್ಕದಲ್ಲೇ ಇದ್ದೆ; ಕಿಟಕಿ ಇಳಿಸಿದರೆ ಕೈ ತಾಗುವಷ್ಟು ಹತ್ತಿರ. ಹನ್ನೊಂದು ನಿಮಿಷ ಇಬ್ಬರೂ ಫೋಟೋ ಸ್ಟುಡಿಯೋದಲ್ಲಿ ಕೂತವರಂತೆ ನೇರ ಮುಂದೆ ನೋಡಿದೆವು. ಎಡಗಡೆಯ ಲೇನಿನಲ್ಲಿ ಇಬ್ಬಿಬ್ಬರು ಕೂತ ಕಾರುಗಳು ನಮ್ಮನ್ನು ಅಣಕಿಸುತ್ತ ಹಾರಿಹೋದವು.

ಈಗ ಕಳ್ಳತನದ ಪ್ರಕರಣಕ್ಕೆ ಬರುತ್ತೇನೆ.

ಮಾರ್ಚ್ ನಾಲ್ಕು, ಸೋಮವಾರ. ಗಂಡಂದಿರ ಯುದ್ಧಕ್ಕೆ ಕವಡೆಯ ಬೆಲೆ ಕೊಡದೆ ದಿನಾ ಫೋನಿನಲ್ಲಿ ಮಾತಾಡುತ್ತಿದ್ದ ಸ್ಮಿತಾ ಮತ್ತು ರುಮಾನಾರ ಮೂಲಕ ಸುದ್ದಿ ಬಂತು: ಸತ್ತಾರ್ ಗಿಡ ಅಗೆದು ತೋಟದ ಕಸದ ಡಬ್ಬಿಗೆ ಹಾಕಿದ್ದಾನೆ, ಲಾರಿ ಬುಧವಾರ ಬರುತ್ತದೆ. ನನಗೆ ಅವತ್ತಿಗೆ ಗಿಡಗಳ ಬಗ್ಗೆ ಒಂದೇ ಒಂದು ವಿಷಯ ತಿಳಿದಿತ್ತು. ಅಪರಾಧಿ ಮನಸ್ಸಿನಿಂದ ನರ್ಸರಿಗೆ ಹೋಗಿ, "ಇನ್ನೊಂದು" ಕೊಳ್ಳಲು ನಿಂತಾಗ ಅಲ್ಲಿನ ಮುದುಕಿಯೊಬ್ಬಳು ಹೇಳಿದ್ದು: ಚಳಿಗೆ ಸುಟ್ಟ ಗಿಡ ಸತ್ತಿದೆ ಎಂದು ಜೂನ್ ಮುಗಿಯುವವರೆಗೆ ತೀರ್ಮಾನಿಸಬಾರದು, ಬೇರು ಯೋಚನೆ ಮಾಡುತ್ತಿರುತ್ತದೆ. ಹೌದು, ಇನ್ನೊಂದು ಕೊಳ್ಳಲು ಹೋಗಿದ್ದೆ. ಅಂಗಡಿಯಲ್ಲಿ ಸಿಗುತ್ತದೆ ಎಂದಿದ್ದೆನಲ್ಲ? ಸಿಕ್ಕಿತು. ಹನ್ನೆರಡು ಸಿಕ್ಕವು, ಸಾಲಾಗಿ, ಒಂದೇ ಚೀಟಿ ಕಟ್ಟಿಕೊಂಡು. ಅರ್ಧ ಗಂಟೆ ಅವುಗಳ ಮುಂದೆ ನಿಂತಿದ್ದೆ. ಒಂದಕ್ಕೂ ಜಾಮ್ ಬಾಟಲಿಯ ಮುಚ್ಚಳ ಗೊತ್ತಿರಲಿಲ್ಲ. ಆಡಿದ ಮಾತು ಎಂಥದ್ದೆಂದು ನನಗೆ ಅರ್ಥವಾದದ್ದು ಅಲ್ಲಿ, ಬರಿಗೈಯಲ್ಲಿ ವಾಪಸು ಬರುವಾಗ.

ಮಂಗಳವಾರ ಬೆಳಿಗ್ಗೆ ಆರಕ್ಕೆ ನಿಮ್ಮ ಬೀದಿಗೆ ಬಂದು, ಕಾರನ್ನು ಎರಡು ಮನೆ ಆಚೆ ನಿಲ್ಲಿಸಿ, ನಿನ್ನ ಡಬ್ಬಿಯೊಳಗೆ ತಲೆಕೆಳಗಾಗಿ ಸೊಂಟದವರೆಗೆ ಇಳಿದೆ. ನಾಯಿ ತಿರುಗಾಡಿಸುತ್ತಿದ್ದ ನಿಮ್ಮ ನೆರೆಯವ ನಿಂತು ನೋಡಿದ. ಗೌರವಾನ್ವಿತ ಎಂಜಿನಿಯರ್ ಒಬ್ಬ ಹೆಂಡತಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಸದ ಡಬ್ಬಿಯಿಂದ ಕಾಲು ಹೊರಚಾಚಿಕೊಂಡಿರುವಾಗ ಹೇಳಬಹುದಾದ ಮಾತು ಒಂದೇ: "ಗುಡ್ ಮಾರ್ನಿಂಗ್." ಹೇಳಿದೆ. ನಾಯಿ ಬಾಲ ಅಲ್ಲಾಡಿಸಿತು. ಬೇರಿನ ಗಡ್ಡೆಯನ್ನು ತಂದು ಕಾರಿನಲ್ಲಿ ನಿನ್ನ ಸೀಟಿನ ಮೇಲೆ ಕೂರಿಸಿ ಬೆಲ್ಟ್ ಹಾಕಿದೆ. ಬ್ರೇಕ್ ಮೆಲ್ಲಗೆ ಹಾಕಿದೆ.

ಮನೆಯಲ್ಲಿ ಸ್ವಾಗತ ಭರ್ಜರಿಯಾಗಿತ್ತು. ಕವನಾ, "ಅಪ್ಪಾ, ಇಟ್ಸ್ ಅ ಸ್ಟಿಕ್" ಎಂದಳು. ಸ್ಮಿತಾ, "ಮಂದಿ ಮನಿ ಕಸದ ಡಬ್ಬಿಗೆ ಕೈ ಹಾಕು ಕಾಲ ಬಂತಲ್ಲರೀ ನಿಮಗ! ಹೋಗಿ ಸತ್ತಾರ್ ಅಣ್ಣನ ಕಾಲ್ ಹಿಡೀರಿ, ಸುಲಭ ಆಗ್ತೈತಿ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಆದರೆ ಏನು ಹಿಡಿದುಕೊಂಡು ಬರಲಿ? ಸತ್ತ ಗಿಡ ಹಿಡಿದುಕೊಂಡು ಕ್ಷಮೆ ಕೇಳಿದರೆ ನೀನು ಕ್ಷಮಿಸಿಯೂಬಿಡುತ್ತಿದ್ದೆ. ಅದು ನನಗೆ ಬೇಕಿರಲಿಲ್ಲ.

ನಮ್ಮ ದಕ್ಷಿಣ ಗೋಡೆಗೆ ಒರಗಿಸಿ ನೆಟ್ಟೆ. ಚಹಾಪುಡಿ ಹಾಕಿದೆ. ಪ್ರತಿ ಭಾನುವಾರ ಉಗುರಿನಿಂದ ತೊಗಟೆ ಕೆರೆದು ನೋಡುವುದು. ಒಳಗೆ ಹಸಿರಿದ್ದರೆ ಜೀವ, ಕಂದಿದ್ದರೆ ಇಲ್ಲ. ಏಪ್ರಿಲ್ ಕಂದು. ಮೇ ಕಂದು. ಜೂನ್ ಇಪ್ಪತ್ತಮೂರರಂದು ಮಣ್ಣಿಗೆ ಕೆನ್ನೆ ತಾಗಿಸಿ ನೋಡಿದಾಗ, ಬುಡದ ಒಂದು ಸಂದಿಯಲ್ಲಿ, ಸಾಸಿವೆ ಕಾಳಿನಷ್ಟು ಹಸಿರು. ನಾನು ಹಾಕಿದ ಕೂಗಿಗೆ ಸ್ಮಿತಾ ಹಾವು ಬಂತೆಂದು ಬಡಿಗೆ ಹಿಡಿದು ಓಡಿ ಬಂದಳು.

ಇನ್ನು ನಿನಗೆ ತಿಳಿಯದ ಒಂದು ಗುಟ್ಟು. ನಿನ್ನ ಹನ್ನೊಂದು ಹೆಜ್ಜೆಗಳಲ್ಲಿ ಅಮ್ಮಿಯ ಹೆಜ್ಜೆಯೇ ಇರಲಿಲ್ಲ. ಚಳಿ ಬಿದ್ದ ಸಂಜೆಗಳಲ್ಲಿ ಅವರು ಯಾಕೆ ಬಟ್ಟೆ ಒಗೆಯುತ್ತಿದ್ದರು ಎಂದು ಯಾವತ್ತಾದರೂ ಯೋಚಿಸಿದ್ದೀಯಾ? "ಅಮ್ಮಿಗೆ ಈ ವಯಸ್ಸಲ್ಲೂ ಬಟ್ಟೆ ಹುಚ್ಚು" ಎಂದು ನೀನು ನಗುತ್ತಿದ್ದೆ. ನನಗೆ ಒಂದು ಬೆಳಿಗ್ಗೆ, ನೀನು ಸಾಕ್ಸು ಹುಡುಕುತ್ತಿದ್ದಾಗ, ಗೋಡೆಯ ಕೊಳವೆ ತೋರಿಸಿ ಹೇಳಿದ್ದರು: "ಡ್ರೈಯರ್ ಬಿಸಿ ಗಾಳಿ ಇಲ್ಲಿ ಬರುತ್ತೆ ನೋಡು ಸಂಗಪ್ಪಾ. ಇದಕ್ಕೆ ಚಳಿ ಆದ್ರೆ ನಮ್ಮನೇಲಿ ಬಟ್ಟೆ ಒಣಗುತ್ತೆ. ಸತ್ತಾರ್‌ಗೆ ಹೇಳ್ಬೇಡ, ಕರೆಂಟ್ ಲೆಕ್ಚರ್ ಕೊಡ್ತಾನೆ." ಆ ಜನವರಿಯಲ್ಲಿ ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರೂ ಇರಲಿಲ್ಲ. ನನಗೆ ಅದು ನೆನಪಾಗಬೇಕಿತ್ತು. ನಾನು ಕೌದಿಯ ಗುಂಗಿನಲ್ಲಿದ್ದೆ.

ಕಳೆದ ಚಳಿಗಾಲ ನೆನಪಿಟ್ಟೆ. ನಾನು ಗಿಡ ನೆಟ್ಟದ್ದೇ ನಮ್ಮ ಡ್ರೈಯರ್ ಕೊಳವೆಯಿಂದ ನಾಲ್ಕು ಅಡಿ ದೂರದಲ್ಲಿ. ತಾಪಮಾನ ಇಳಿದ ಸಂಜೆಗಳಲ್ಲಿ ನಮ್ಮ ಮನೆಯ ಟವೆಲ್‌ಗಳು ಒಣಗಿದ ಮೇಲೂ ಒಣಗಿದವು. ಸ್ಮಿತಾ, "ರೀ, ನೀವು ಗಿಡ ಸಾಕಾಕತ್ತೀರೋ, ದೋಬಿ ಅಂಗಡಿ ತಗದೀರೋ?" ಎಂದು ಕೇಳಿದಳು. ಜೊತೆಗೆ ನಿನ್ನ ವಿಧಾನವನ್ನೂ ಪಾಲಿಸಿದೆ: ನಾಲ್ಕು ಗೂಟ, ಮೇಲೆ ನಾನೇ ಕೊಂಡು ತಂದ ಅದೇ ಈರುಳ್ಳಿ ಸಿಪ್ಪೆಯಂಥ ಬಟ್ಟೆ, ಸುತ್ತ ನೆಲ ಮುಟ್ಟುವಂತೆ ಇಟ್ಟಿಗೆ, ಹಗಲಿಗೆ ತೆಗೆಯುವುದು, ಸಂಜೆಗೆ ಹೊದಿಸುವುದು. ಒಬ್ಬನೇ ಮಾಡುವ ಕೆಲಸವಲ್ಲ ಅದು. ಒಂದು ತುದಿ ಸಿಕ್ಕಿಸಿ ಇನ್ನೊಂದು ತುದಿಗೆ ಓಡುವಷ್ಟರಲ್ಲಿ ಗಾಳಿ ಮೊದಲನೆಯದನ್ನು ಬಿಚ್ಚಿ ನನ್ನ ಮುಖಕ್ಕೆ ಸುತ್ತುತ್ತಿತ್ತು. ಬೇಲಿಯಾಚೆಯಿಂದ ನೋಡಿದವರಿಗೆ ಮುದುಕನೊಬ್ಬ ದೆವ್ವದ ಜೊತೆ ಕುಸ್ತಿ ಆಡುವಂತೆ ಕಂಡಿರಬೇಕು. ಫೆಬ್ರವರಿಯಲ್ಲಿ ಆ ಬಟ್ಟೆ ನಡುವೆ ಹರಿದು ಎರಡಾಯಿತು. ಗಿಡ ಹರಿಯಲಿಲ್ಲ.

ಈ ಬೇಸಿಗೆ ಮೊಣಕಾಲೆತ್ತರ ಬಂತು. ಆಗಸ್ಟಿನಲ್ಲಿ ಒಂಬತ್ತು ಮೊಗ್ಗು. ದಿನಾ ಬೆಳಿಗ್ಗೆ ಹಾಜರಿ ತೆಗೆದುಕೊಂಡೆ. ಎರಡು ದಿನ ರಾತ್ರಿ ತಂಪಾದದ್ದೇ ನೆಪ, ಆರು ಮೊಗ್ಗು ಉದುರಿದವು. ಒಂದೊಂದು ಉದುರಿದಾಗಲೂ ನಾನು ಆಫೀಸಿನಲ್ಲಿ ಒಂದೊಂದು ತಪ್ಪು ನಕ್ಷೆ ಬರೆದೆ. ನಿನ್ನ ಆರು ಇಮೇಲ್‌ಗಳು ನನ್ನ ಬಳಿ ಇವೆ, ತಾಳೆ ನೋಡಬಹುದು. ಮೂರು ಉಳಿದವು. ನಿನ್ನೆ ಒಂದು ಅರಳಿತು, ಸತ್ತಾರ್. ಅರಳಿತು! ಹೊರಗಿನ ಬಾಗಿಲು ತೆಗೆಯುವ ಮೊದಲೇ ಗೊತ್ತಾಯಿತು. ಅಡುಗೆಮನೆಯ ಕಿಟಕಿಯ ಸಂದಿಯಿಂದ ಒಳಬಂದ ಆ ವಾಸನೆ ನನ್ನನ್ನು ಹಲ್ಲುಜ್ಜುವ ಬ್ರಷ್ ಸಮೇತ ಅಂಗಳಕ್ಕೆ ಎಳೆದುಕೊಂಡು ಹೋಯಿತು. ಮೈನಸ್ ಒಂಬತ್ತು ಸೋತಿತು. ನನ್ನ ದಡ್ಡತನ ಸೋತಿತು. ಕಸದ ಲಾರಿ ಸೋತಿತು. ಬ್ರಷ್ಷನ್ನು ಆಕಾಶಕ್ಕೆತ್ತಿ ನಾನು ಅಲ್ಲೇ ಎರಡು ಹೆಜ್ಜೆ ಕುಣಿದದ್ದಕ್ಕೆ ಕವನಾಳ ಫೋನಿನಲ್ಲಿ ವಿಡಿಯೋ ಪುರಾವೆ ಇದೆ.

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಹೂವು ಹಳದಿಗೆ ತಿರುಗಿರುತ್ತದೆ. ಅದಕ್ಕೆ ಬೇಸರ ಬೇಡ. ಎರಡನೇ ಮೊಗ್ಗಿನ ತುದಿ ಬಿಳಿಯಾಗಿದೆ. ಶನಿವಾರಕ್ಕೆ ಅದರ ಸರದಿ. ಜಾಮ್ ಬಾಟಲಿ ಖಾಲಿ ಮಾಡಿ ಮುಚ್ಚಳ ತೊಳೆದಿಟ್ಟಿದ್ದೇನೆ.

ವರದಿಯ ಕೊನೆಯ ಕಲಂ: ಕೌದಿ ಹೊದಿಸಿದ್ದು ನಾನು. ಸುಳ್ಳು ಹೇಳಿದ್ದು ನಾನು. "ಇನ್ನೊಂದು ಸಿಗುತ್ತದೆ" ಎಂದದ್ದೂ ನಾನು. ಮೂರರಲ್ಲಿ ಮೂರನೆಯದೇ ದೊಡ್ಡದು ಎಂದು ಇಪ್ಪತ್ತು ತಿಂಗಳು ಮಣ್ಣು ಕೆರೆದು ಕಂಡುಕೊಂಡಿದ್ದೇನೆ. ತಪ್ಪಾಯಿತು. ಗಿಡ ನಿನ್ನದು. ಈ ಚಳಿಗಾಲ ಇಲ್ಲೇ ಕಳೆಯಲಿ, ಈಗ ಕಿತ್ತರೆ ಸಹಿಸುವುದಿಲ್ಲ. ಮೇ ತಿಂಗಳಲ್ಲಿ ನಾನೇ ಅದನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ನ್ಯೂಕ್ಯಾಸಲ್‌ನ ಅದರ ಗೋಡೆಗೆ ಒಪ್ಪಿಸುತ್ತೇನೆ. ಅಂದು ನೀನು ಹಿಂದಿನ ಸೀಟಿನಲ್ಲಿ ಕೂರಬೇಕಾಗುತ್ತದೆ.

ಅಲ್ಲಿಯವರೆಗೆ ಹೊದಿಕೆಯ ಇನ್ನೊಂದು ತುದಿ ಹಿಡಿಯಲು ಒಬ್ಬ ಮನುಷ್ಯ ಬೇಕು. ಅನುಭವ ಬೇಡ. ಎರಡು ಪುಟ ಬರೆಯುವ ಚಟ ಇದ್ದರೂ ಪರವಾಗಿಲ್ಲ. ಶನಿವಾರ ಬೆಳಿಗ್ಗೆ ಬಾ. ಆರೂವರೆ ಎಂದರೆ ನೀನು ಏಳೂಕಾಲಿಗೆ ಬರುತ್ತೀಯ. ಚಹಾ ಏಳೂಕಾಲಿಗೇ ಇಡಲು ಸ್ಮಿತಾಗೆ ಹೇಳಿದ್ದೇನೆ.

ನಿನ್ನ,
(ರಿಗಾರ್ಡ್ಸ್ ಅಲ್ಲ, ನಿನ್ನ)
ಸಂಗಣ್ಣ

ತಾ. ಕ.: ಒಂದು ಮಾತು ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ನಾನು ಡಬ್ಬಿಯಿಂದ ಎತ್ತಿದಾಗ ಆ ಬೇರಿನ ಗಡ್ಡೆ ಸೋನಾ ಮಸೂರಿ ಅಕ್ಕಿಯ ಗೋಣಿಚೀಲದಲ್ಲಿತ್ತು. ಗೋಣಿ ಒದ್ದೆಯಾಗಿತ್ತು. ಒಂದು ಬೇರೂ ಕಡಿಯದಂತೆ ಅಗಲವಾಗಿ ಅಗೆದಿದ್ದರು. ಬಾಯಿಗೆ ಹಗ್ಗದ ಗಂಟು, ಕಾರಿನ ಮೇಲೆ ಲಗೇಜು ಕಟ್ಟುವಾಗ ನೀನೊಬ್ಬನೇ ಹಾಕುವ ಆ ಎರಡು ಸುತ್ತಿನ ಗಂಟು. ಬುಧವಾರ ಬೆಳಿಗ್ಗೆ ಲಾರಿಯ ಸದ್ದು ಕೇಳಿದ ಮೇಲೆಯೇ ಡಬ್ಬಿ ಹೊರಗೆಳೆಯುವ ಮನುಷ್ಯ ಅವತ್ತು ಸೋಮವಾರವೇ ಬೀದಿಗೆ ತಂದು ನಿಲ್ಲಿಸಿದ್ದ. ಸ್ಮಿತಾಗೆ ಫೋನ್ ಮಾಡಲು ರುಮಾನಾಗೆ ಯಾರು ಹೇಳಿದರು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಕಸಕ್ಕೆ ಯಾರೂ ನೀರು ಹಾಕಿ ಗಂಟು ಕಟ್ಟುವುದಿಲ್ಲ, ಸತ್ತಾರ್. ಆ ಗಂಟನ್ನು ನಾನು ಕತ್ತರಿಸಲಿಲ್ಲ; ಅರ್ಧ ಗಂಟೆ ಕೂತು ಬಿಚ್ಚಿದೆ. ಹಗ್ಗ ಜೋಪಾನವಾಗಿದೆ.

ಇನ್ನೊಂದು ಸಣ್ಣ ಉಪಕಾರ ಆಗಬೇಕು. ನನ್ನ ಚಳಿಬಟ್ಟೆ ಹರಿದ ವಿಷಯ ಮೇಲೆ ಹೇಳಿದ್ದೇನೆ. ನಿನ್ನ ಗ್ಯಾರೇಜಿನ ಶೆಲ್ಫಿನ ಮೇಲೆ ಆ ಪ್ಯಾಕೆಟ್ ಇನ್ನೂ ಇದ್ದರೆ ಶನಿವಾರ ಬರುವಾಗ ತಗೊಂಡು ಬಾ. ಒಡೆಯಬೇಡ. ಅದನ್ನು ನಾನೇ ಒಡೆಯಬೇಕು.